ಉದ್ದಿನ ನೀರು ಕುಡಿದ ಡೇಸಿ ಗಿಡಗಳು

ಕಮಲಾದೇವಿಯ ಮುಂದೆ ಯಾರೂ ಹಸಿದುಕೊಂಡು ಇರುವ ಹಾಗಿಲ್ಲ. ಕೇದಾರ ಘಾಟಿನ ಮೇಲಿನ ಗಲ್ಲಿಯಲ್ಲಿ ಅವಳ ಗಂಡ ಕೊಟ್ಟೂರಯ್ಯನ ಇಡ್ಲಿ ಅಂಗಡಿ. ಕೆಳಗೆ ಅಂಗಡಿ, ನಡುವೆ ಮನೆ, ಮೇಲೆ ಮಾಳಿಗೆ. ಗಂಗೆಯಲ್ಲಿ ಮುಳುಗೆದ್ದು ಹಲ್ಲು ಕಟಕಟ ಅನ್ನಿಸುತ್ತ ಬಂದ ಯಾತ್ರಿಕರು ಎರಡು ಇಡ್ಲಿ ಕೇಳಿದರೆ ತಟ್ಟೆಗೆ ಮೂರು ಬೀಳುತ್ತವೆ. ಗಲ್ಲಿಯ ಆಕಳಿಗೆ ಒಂದು, ಆಕಳ ಹಿಂದೆ ಬಂದ ನಾಯಿಗೆ ಒಂದು. "ಇದು ಅಂಗಡಿ ಅಲ್ಲ, ದಾಸೋಹ" ಎಂದು ಕೊಟ್ಟೂರಯ್ಯ ಗೊಣಗಿದರೆ, ಗೊಣಗುವ ಬಾಯಿಗೂ ಒಂದು ಇಡ್ಲಿ ಇಟ್ಟು ಅವಳು ಒಳಗೆ ಹೋಗುತ್ತಾಳೆ.

ಹುಟ್ಟಿದ್ದು ಹೂವಿನಹಡಗಲಿಯ ಮಗ್ಗುಲಿನ ಹಳ್ಳಿಯಲ್ಲಿ. ಮಲ್ಲಿಗೆ ಬಿಡಿಸಿ ಬಿಡಿಸಿಯೇ ಬೆರಳು ಬೆಳೆದವು. ಮದುವೆಯಾಗಿ ಕಾಶಿಗೆ ಬಂದ ಮೊದಲ ಚಳಿಗಾಲ ಮುಡಿಯಲು ಹೂವು ಹುಡುಕಿ ಹುಡುಕಿ ಸಾಕಾಗಿ, ಈ ಊರಿನಲ್ಲಿ ಮಲ್ಲಿಗೆಯೂ ಕಂಬಳಿ ಹೊದ್ದು ಮಲಗುತ್ತದೆ ಎಂದು ತಿಳಿದುಕೊಂಡಳು. ಆಮೇಲೆ ಹೂವಿನ ಮಾತೇ ಎತ್ತಲಿಲ್ಲ. ರುಬ್ಬುವುದು, ಬೇಯಿಸುವುದು, ಬಡಿಸುವುದು, ಇದರಲ್ಲೇ ತಲೆ ನರೆಯಿತು.

ಆ ಮಾತು ಮತ್ತೆ ಎದ್ದದ್ದು ಮಗಳು ಅಕ್ಷರಾ ಬಸುರಾದಾಗ. ಅಕ್ಷರಾ ಇಲ್ಲೇ ಹುಟ್ಟಿ ಬೆಳೆದವಳು, ಸಿಟ್ಟು ಬಂದರೆ ಹಿಂದಿ, ಹಸಿವಾದರೆ ಕನ್ನಡ. ಅವಳ ಗಂಡ ಶರಣ ದಾವಣಗೆರೆ ಕಡೆಯವನು, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾನೆ. ಏಳನೆಯ ತಿಂಗಳ ಕುಬುಸ, ಅಂದರೆ ಸೀಮಂತ, ಮಾಘದಲ್ಲಿ ಬರುತ್ತದೆ ಎಂದು ಲೆಕ್ಕವಾಯಿತು. ಮಗಳ ಮನೆ ಚಿಕ್ಕದು, ಹಾಗಾಗಿ ಕಮಲಾದೇವಿಯ ಮನೆಯಲ್ಲೇ ಮಾಡುವುದೆಂದೂ ಆಯಿತು. ದಾವಣಗೆರೆಯಿಂದ ಬೀಗತಿ ಮಹೇಶ್ವರಿ ಫೋನು ಮಾಡಿದಳು.

"ನಮ್ಮ ಕಡಿ ಮೊಗ್ಗಿನ ಜಡಿ ಹಾಕದ ಕುಬುಸಕ್ಕ ಕೂಡಸಂಗಿಲ್ಲರಿ ಅಕ್ಕಾರ. ಆ ಚಳಿಯಾಗ ನಿಮಗ ಮಲ್ಲಿಗಿ ಎಲ್ಲಿ ಸಿಗಬೇಕು? ನಾನ ಇಲ್ಲಿಂದ ರೆಡಿಮೇಡ್ ಜಡಿ ತರ್ತೀನಿ. ಬಟ್ಟೀ ಹೂವಿಂದು. ಒಗದರ ಮತ್ತ ಹೊಸದು."

"ಆಗ್ಲಿ ತಗೋರಿ" ಎಂದು ಕಮಲಾದೇವಿ ಫೋನು ಇಟ್ಟಳು. ಆದರೆ ಮನಸ್ಸು ಒಪ್ಪಲಿಲ್ಲ. ಕುಬುಸದ ದಿನ ಹೆಣ್ಣುಮಗಳ ತಲೆಗೆ ತವರಿನ ಹೂವು ಬೀಳಬೇಕು. ತನ್ನ ಕುಬುಸಕ್ಕೆ ಅವ್ವ ಹಿತ್ತಲಿನ ಬಳ್ಳಿಯನ್ನು ಬರಿದು ಮಾಡಿ ಜಡೆ ಕಟ್ಟಿದ್ದಳು. ಈಗ ಹಡಗಲಿಯವಳ ಮಗಳ ತಲೆಗೆ ಒಗೆಯುವ ಹೂವೇ?

"ಚೆಂಡುಹೂವಿಂದ ಕಟ್ಟಿದ್ರಾತು" ಎಂದ ಕೊಟ್ಟೂರಯ್ಯ. ಕಾಶಿಯಲ್ಲಿ ಚೆಂಡುಹೂವಿಗೆ ಬರವಿಲ್ಲ, ಗೇಂದಾ ಗೇಂದಾ ಎಂದು ಬುಟ್ಟಿಗಟ್ಟಲೆ ಮಾರುತ್ತಾರೆ.

ಅಕ್ಷರಾ ಕೈಮುಗಿದಳು. "ಅಪ್ಪಾ, ಬ್ಯಾಡ. ಗೇಂದಾ ಹಾಕ್ಕೊಂಡು ಕೂತ್ರ ಹೊಸಾ ಬೋಟಿಗೆ ಪೂಜಾ ಮಾಡಿದಂಗ ಕಾಣ್ತೀನಿ. ಅಷ್ಟೊತ್ತಿಗೆ ಹೊಟ್ಟಿ ಬ್ಯಾರೆ ಬೋಟಿನಂಗ ಆಗಿರ್ತೈತಿ."

ಅದೇ ಹೊತ್ತಿಗೆ ಕಮಲಾದೇವಿಯ ಕಣ್ಣು ಎದುರಿನ ಮಾಳಿಗೆಗೆ ಹೋಯಿತು. ಗಲ್ಲಿ ಎಷ್ಟು ಕಿರಿದೆಂದರೆ ಎರಡೂ ಮಾಳಿಗೆಯವರು ಕೈ ಚಾಚಿ ಸಾಂಬಾರಿನ ಬಟ್ಟಲು ದಾಟಿಸಿಕೊಳ್ಳಬಹುದು. ಅಲ್ಲಿರುವವಳು ಮಿಸರಾಯಿನ್, ಅಂದರೆ ಮಿಶ್ರಾಜಿಯ ಹೆಂಡತಿ. ಹೆಸರು ಏನೋ ಇದ್ದೀತು, ಗಲ್ಲಿಗೆಲ್ಲ ಮಿಸರಾಯಿನ್, ಕಮಲಾದೇವಿಗೆ ಮಾತ್ರ ದೀದಿ. ಹೋದ ಚಳಿಗಾಲ ಅವಳ ಮಾಳಿಗೆಯ ಮೇಲೆ ಬೆಳ್ಳಗೆ ಹೂವು ಬಿಟ್ಟಿದ್ದವಲ್ಲ. ರೂಪಾಯಿಯಷ್ಟು ಅಗಲ, ನಡುವೆ ಅರಿಸಿನದ ಬೊಟ್ಟು, ಸುತ್ತ ಬಿಳಿ ಎಸಳು. ಅವಳು ಗುಲಬಹಾರ ಅನ್ನುತ್ತಿದ್ದಳು. ಅಕ್ಷರಾ ಅದನ್ನು ಡೇಸಿ ಅಂದಿದ್ದಳು.

ಡೇಸಿಯ ಜಡೆ. ನೆನೆಸಿಕೊಂಡ ಕೂಡಲೇ ಕಮಲಾದೇವಿಗೆ ಮೈಯಲ್ಲಿ ಮಿಂಚು ಆಡಿತು. ಕಪ್ಪು ಕೂದಲ ಮೇಲೆ ಮೇಲಿನಿಂದ ಕೆಳಗಿನ ತನಕ ಬಿಳಿ ಹೂವು, ಒಂದೊಂದರ ನಡುವೆ ಅರಿಸಿನ. ದಾವಣಗೆರೆಯಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

ಮಿಸರಾಯಿನ್ ಬೀಜ ಕೊಟ್ಟಳು. ಹಳೆಯ ಕುಂಕುಮದ ಭರಣಿಯಲ್ಲಿ ಕಟ್ಟಿಟ್ಟಿದ್ದಳು, ರಾಗಿಗಿಂತ ಸಣ್ಣ. ದಸರೆ ಮುಗಿದ ಮೇಲೆ ಬಿತ್ತು ಎಂದಳು. ಬೀಜವನ್ನು ಗಂಗೆಯ ಮರಳಿನ ಜೊತೆ ಕಲಸಿ ಉದುರಿಸಬೇಕು, ಇಲ್ಲದಿದ್ದರೆ ಒಂದೇ ಕಡೆ ಗುಂಪು ಬೀಳುತ್ತದೆ. ಮೇಲೆ ಮಣ್ಣು ಹೇರಬಾರದು, ಅಂಗೈಯಿಂದ ಒತ್ತಿದರೆ ಸಾಕು. ನೀರು ಸುರಿಯಬಾರದು, ಕೈ ಅದ್ದಿ ಚಿಮುಕಿಸಬೇಕು. ಕಮಲಾದೇವಿ ಇದನ್ನೆಲ್ಲ ಕೂದಲೆಳೆಯಷ್ಟೂ ತಪ್ಪದೆ ಮಾಡಿದಳು. ಮಂಗಗಳು ಬಾರದಂತೆ ಮಾಳಿಗೆಗೆ ಮೊದಲೇ ಕಬ್ಬಿಣದ ಜಾಲಿ ಇತ್ತು, ಬಟ್ಟಲು ದಾಟಿಸಲು ಅದರಲ್ಲೊಂದು ಕಿಂಡಿ. ಕಾಶಿಯಲ್ಲಿ ಮಂಗ ಹೊರಗೆ, ಮನುಷ್ಯರು ಪಂಜರದ ಒಳಗೆ. ಪಂಜರದ ಒಳಗೆ ಮಣ್ಣಿನ ಕುಂಡಗಳ ಸಾಲು ಎದ್ದಿತು.

ಮೊಳಕೆ ಬಂದವು. ಚಮಚೆಯಂಥ ಪುಟ್ಟ ಎಲೆಗಳು ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿದವು. ಕಮಲಾದೇವಿ ದಿನಕ್ಕೆ ಎಷ್ಟು ಸಲ ಮೆಟ್ಟಿಲು ಹತ್ತಿದಳೋ, ಮಂಡಿನೋವು ಎಲ್ಲಿ ಹೋಯಿತೋ. ಗಿರಾಕಿ ಚಟ್ನಿ ಕೇಳಿದರೆ ಮಾಳಿಗೆಯಿಂದ "ಬಂದೆ" ಎಂಬ ದನಿ ಬರುತ್ತಿತ್ತು.

ಒಂದು ಮಾತು ಮಾತ್ರ ಅವಳಿಗೆ ಒಪ್ಪಿಗೆಯಾಗಲಿಲ್ಲ. ಸಾದಾ ಮಣ್ಣಿಗೆ ಮರಳು ಬೆರೆಸು, ಮತ್ತೇನೂ ಬೇಡ ಎಂದಿದ್ದಳು ಮಿಸರಾಯಿನ್. ಬರೀ ಮರಳಿನಲ್ಲಿ ಯಾವ ಕೂಸು ಬೆಳೆದೀತು? ಇಡ್ಲಿಯ ಮನೆ ಇದು. ಉದ್ದು ನೆನೆಸಿದ ನೀರು ದಿನಾ ಮೋರಿಗೆ ಹೋಗುತ್ತದೆ. ಅಕ್ಕಿ ತೊಳೆದ ನೀರು ಇದೆ, ರುಬ್ಬುವ ಕಲ್ಲು ತೊಳೆದ ನೀರು ಇದೆ. ಹಡಗಲಿಯಲ್ಲಿ ಅವ್ವ ಮಲ್ಲಿಗೆಗೆ ಕಲಗಚ್ಚು ಹಾಕಿಯೇ ಬೆಳೆಸಿದ್ದು. ಕಮಲಾದೇವಿ ತಂಬಿಗೆ ತಂಬಿಗೆ ಮೇಲಕ್ಕೆ ಒಯ್ದಳು. ಮಗಳ ಕೂಸಿಗೆ ಹಾಲೆರೆದ ಹಾಗೆ ಎರೆದಳು. ಗಲ್ಲಿಯ ಸಗಣಿಯನ್ನೂ ಬಿಡಲಿಲ್ಲ.

ಎಲೆಗಳು ಎದ್ದವು ನೋಡಿ. ಅಂಗೈ ಅಗಲ, ಕಡುಹಸಿರು, ದಪ್ಪ. ಕುಂಡ ಕಾಣದ ಹಾಗೆ ತುಂಬಿಕೊಂಡವು. ಅವಳಿಗೆ ಎದೆ ಉಬ್ಬಿತು. ಮಾರ್ಗಶಿರ ಕಳೆಯಿತು, ಪುಷ್ಯ ಬಂತು. ಎದುರಿನ ಮಾಳಿಗೆಯಲ್ಲಿ ಬಡಕಲು ಗಿಡಗಳ ನಡುವಿನಿಂದ ಮೊಗ್ಗು ತಲೆ ಎತ್ತಿದವು. ಇಲ್ಲಿ ಎಲೆ. ಎಲೆಯ ಮೇಲೆ ಎಲೆ.

ಕೊಟ್ಟೂರಯ್ಯ ಒಂದು ದಿನ ಹತ್ತಿ ಬಂದು ನೋಡಿದ. "ಕಮಲಿ, ಇವನ್ನ ಕೊಯ್ದು ಬ್ಯಾಳ್ಯಾಗ ಹಾಕು. ಕುಬುಸದ ದಿನ ಬೀಗತಿಗೆ ಡೇಸಿ ಹುಳಿ ಬಡಸೋಣ."

"ನಿಮ್ಮ ಬಾಯಿಗಿಷ್ಟು ಬೂದಿ" ಎಂದಳು ಅವಳು. ಆದರೆ ಧೈರ್ಯ ಕುಸಿದಿತ್ತು. ಮಾಘಕ್ಕೆ ಇನ್ನೆಷ್ಟು ದಿನ? ಜಾಲಿಯ ಕಿಂಡಿಯಿಂದ ಕೂಗಿದಳು. ಇಬ್ಬರ ಮಾತೂ ಹಿಂದಿಯಲ್ಲೇ, ಇವಳದು ಸ್ವಲ್ಪ ಕಾಲು ಕುಂಟುವ ಹಿಂದಿ.

"ದೀದಿ, ನನಗ ಬ್ಯಾರೆ ಬೀಜ ಕೊಟ್ಟೀರೇನು?"

ಮಿಸರಾಯಿನ್ ತನ್ನ ಮೆಟ್ಟಿಲು ಇಳಿದು, ಗಲ್ಲಿ ದಾಟಿ, ಇಡ್ಲಿ ತಿನ್ನುವವರ ನಡುವೆ ನುಗ್ಗಿ, ಏದುಸಿರು ಬಿಡುತ್ತ ಈ ಮಾಳಿಗೆಗೆ ಬಂದಳು. ಕುಂಡದೊಳಗೆ ಬೆರಳು ತೂರಿಸಿ ಮಣ್ಣು ಮೂಸಿದಳು. ಇನ್ನೊಂದನ್ನೂ ಮೂಸಿದಳು.

"ಕಮಲಾ, ಇದು ಗಿಡವೋ ದೋಸೆಯೋ? ಹಿಟ್ಟು ಹುಳಿ ಬಂದ ವಾಸನೆ ಹೊಡೀತಿದೆ."

ಕಮಲಾದೇವಿ ಉದ್ದಿನ ನೀರಿನ ಸಂಗತಿ ಹೇಳಿದಳು. ಮಿಸರಾಯಿನ್ ಹಣೆ ಹಣೆ ಬಡಿದುಕೊಂಡು ನಕ್ಕಳು. "ನನಗೂ ಮದುವೆಯಾದ ಹೊಸದರಲ್ಲಿ ಅತ್ತೆ ಇದನ್ನೇ ಹೇಳಿ ಬೈದಿದ್ದರು, ನಾನು ಹಾಲಿನ ಪಾತ್ರೆ ತೊಳೆದು ಹಾಕಿದ್ದೆ. ಹೊಟ್ಟೆ ತುಂಬಿದ ಗಿಡಕ್ಕೆ ಹೂವಿನ ಚಿಂತೆ ಯಾಕೆ ಬರುತ್ತೆ? ತಿಂದು ಮಲಗುತ್ತೆ, ನಮ್ಮ ಮಿಶ್ರಾಜಿ ಹಾಗೆ. ಇದಕ್ಕೆ ಹಸಿವು ಗೊತ್ತಾಗಬೇಕು. ಆಗ ಮೊಗ್ಗು ಬಿಡುತ್ತೆ."

"ಹಸಿವಿಗೆ ಕೆಡವಬೇಕಾ?"

"ಕೆಡವಲೇಬೇಕು. ಬರೀ ನೀರಿನಿಂದ ಮಣ್ಣು ತೊಳಿ, ಕೆಳಗಿನ ತೂತಿನಿಂದ ತಿಳಿನೀರು ಬರೋ ತನಕ. ನಡುವಿನ ಸುಳಿಗೆ ಬಿಸಿಲು ಬೀಳೋ ಹಾಗೆ ಹೊರಗಿನ ದಪ್ಪ ಎಲೆ ತೆಗಿ. ಮೇಲೆ ಮರಳು ಹಾಕು. ಮತ್ತೆ ಆ ತಂಬಿಗೆ ಇಲ್ಲಿಗೆ ಹತ್ತಿ ಬರಬಾರದು."

ಕಮಲಾದೇವಿ ಮಣ್ಣು ತೊಳೆದಳು, ಎಲೆ ತೆಗೆದಳು, ಮರಳು ಹಾಕಿದಳು. ಆದರೆ ಹಸಿವಿಗೆ ಕೆಡವುವುದು ಅವಳ ಕೈಗೆ ಬಾರದ ವಿದ್ಯೆ. ಗಿಡಗಳು ಸಣ್ಣಗೆ ಕಂದಿದ ಹಾಗೆ ಕಂಡವು. ಬೆಳಗ್ಗೆ ಉದ್ದು ಬಸಿಯುವಾಗ ಕೈ ತಡೆಯಲಿಲ್ಲ. ಇಷ್ಟೇ ಇಷ್ಟು, ಒಂದು ಬಟ್ಟಲು, ಬಾಯಿ ಒದ್ದೆಯಾಗಲಿ ಎಂದು ಮೇಲೆ ಒಯ್ದಳು. ಕುಂಡಕ್ಕೆ ಬಗ್ಗಿಸುವಷ್ಟರಲ್ಲಿ ಎದುರಿನ ಮಾಳಿಗೆಯಿಂದ ಕೆಮ್ಮು ಕೇಳಿತು. ಮಿಸರಾಯಿನ್ ಸೂರ್ಯನಿಗೆ ಅರ್ಘ್ಯ ಕೊಡಲು ನಿಂತಿದ್ದವಳು ತಂಬಿಗೆ ಕೆಳಗಿಟ್ಟಳು.

"ಕೊಡು ಇಲ್ಲಿ" ಎಂದಳು.

"ಬಟ್ಟಲಾ?"

"ಕುಂಡಗಳನ್ನ. ನಿನ್ನ ಕೈಯಲ್ಲಿ ಇವು ಬಸುರಾಗೋದಿಲ್ಲ."

ಹೀಗೆ ಅಂದು ಬೆಳಗ್ಗೆ ಡೇಸಿ ಗಿಡಗಳು ಗಲ್ಲಿ ದಾಟಿದವು. ಕಮಲಾದೇವಿ ಕಿಂಡಿಯಿಂದ ಕುಂಡ ಚಾಚುವುದು, ಮಿಸರಾಯಿನ್ ಎದೆಗೆ ಅವಚಿಕೊಳ್ಳುವುದು. ಕೆಳಗೆ ಗಿರಾಕಿಗಳು ತಟ್ಟೆ ಹಿಡಿದುಕೊಂಡೇ ಗೋಡೆಗೆ ಒತ್ತಿ ನಿಂತು ಮೇಲೆ ನೋಡಿದರು. "ಸಾವಕಾಶ, ಸಾಂಬಾರಿನಾಗ ಮಣ್ಣು ಬಿದ್ದರ ಯಾರು ತಿನ್ನಬೇಕು" ಎಂದು ಕೊಟ್ಟೂರಯ್ಯ ಸೌಟು ತಿರುವಿದ. ಕೊನೆಯ ಕುಂಡ ದಾಟಿದಾಗ ಕಮಲಾದೇವಿಗೆ ಮಗಳನ್ನು ಮತ್ತೊಮ್ಮೆ ಗಂಡನ ಮನೆಗೆ ಕಳಿಸಿದ ಹಾಗಾಯಿತು. ಸೆರಗಿನಿಂದ ಮೂಗು ಒರೆಸಿಕೊಂಡು ಇಳಿದಳು. ಉಳಿದ ಬಟ್ಟಲಿನ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿದಳು.

ಆಮೇಲಿನ ದಿನಗಳಲ್ಲಿ ಅವಳ ಕೆಲಸ ನೋಡುವುದಷ್ಟೇ. ಜಾಲಿಗೆ ಕೆನ್ನೆ ಒತ್ತಿ ನೋಡಿ ನೋಡಿ ಮುಖದ ಮೇಲೆ ಅದರ ಗೆರೆ ಮೂಡುತ್ತಿತ್ತು. "ಏನಾತು ದೀದಿ?" "ಏನೂ ಇಲ್ಲ." "ಈಗ?" "ಈಗ ತಾನೇ ಹೇಳಿದೆನಲ್ಲ." ಗೋದೌಲಿಯಾ ಬಾಜಾರಿಗೆ ಹೋದರೆ ಹಸಿರು ಬಳೆ, ಹಸಿರು ಸೀರೆ, ಕುಪ್ಪಸದ ಕಣ ಎಲ್ಲ ನೋಡಿ ಮುಟ್ಟಿ ಬಂದು, ಮೊದಲು ಏರುವುದು ಮಾಳಿಗೆಗೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ಇಡ್ಲಿ ತಟ್ಟೆಗೆ ಹಿಟ್ಟು ಹಾಕುತ್ತಿದ್ದಾಗ ಮೇಲಿನಿಂದ ಕೂಗು ಬಂತು. ಕಮಲಾದೇವಿ ಸೌಟು ಹಿಡಿದುಕೊಂಡೇ ಓಡಿದಳು. ಮೆಟ್ಟಿಲ ಉದ್ದಕ್ಕೂ ಹಿಟ್ಟಿನ ಹನಿ. ಮಿಸರಾಯಿನ್ ಕುಂಡವನ್ನು ಕಿಂಡಿಯ ಹತ್ತಿರ ಎತ್ತಿ ಹಿಡಿದಿದ್ದಳು. ಸುಳಿಯ ನಡುವೆ, ಎಲೆಗಳ ಬುಡದಲ್ಲಿ, ಹಸಿರು ಗುಂಡು. ಸಾಬೂದಾನಿಯಷ್ಟು. ಕಮಲಾದೇವಿ ಬೆರಳು ಚಾಚಿದಳು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಉಸಿರು ತಾಗೀತೆಂದು ಬಾಯಿಗೆ ಸೆರಗು ಇಟ್ಟುಕೊಂಡಳು.

"ಇನ್ನೊಂದರಲ್ಲೂ ಇದೆ. ಅದರಲ್ಲೂ. ಹಸಿದಿವೆ ಈಗ" ಎಂದಳು ಮಿಸರಾಯಿನ್.

ಆಮೇಲೆ ಹಿಡಿಯುವವರೇ ಇಲ್ಲ. ಒಂದು ಮೊಗ್ಗಿನ ಪಕ್ಕ ಇನ್ನೊಂದು, ಸಣ್ಣ ಕಾಂಡ ಎತ್ತಿಕೊಂಡು ಎದ್ದವು. ಮೊದಲ ಹೂವು ಬಿರಿದ ದಿನ ಅಂಗಡಿಯಲ್ಲಿ ಎಲ್ಲರಿಗೂ ಕೇಸರಿಬಾತ್ ಬಿತ್ತು. ಬಿಸಿಲು ಏರಿದರೆ ಎಸಳು ಬಿಚ್ಚುತ್ತಿತ್ತು, ಸಂಜೆಯಾದರೆ ಮುದುಡಿ ತುದಿಯ ಕೆಂಪು ತೋರಿಸುತ್ತಿತ್ತು. ಬಾಡುವ ಹೂವನ್ನು ಅಲ್ಲೇ ಚಿವುಟಿದರೆ ಪಕ್ಕದಲ್ಲಿ ಹೊಸದು ಬರುತ್ತದೆ ಎಂದು ಮಿಸರಾಯಿನ್ ಚಿವುಟುತ್ತಿದ್ದಳು. ಪ್ರತಿ ಚಿವುಟಿಗೂ ಈ ಕಡೆಯಿಂದ ಕಮಲಾದೇವಿ "ಅಯ್ಯ" ಅನ್ನುತ್ತಿದ್ದಳು.

ಕುಬುಸಕ್ಕೆ ಸರಿಯಾಗಿ ಮಂಜು ಕವಿಯಿತು. ಗಂಗೆ ಕಾಣದು, ಎದುರಿನ ಮಾಳಿಗೆಯೂ ಹೊಗೆ ಹೊಗೆ. ಮಹೇಶ್ವರಿಯ ರೈಲು ಮಂಜಿನಲ್ಲಿ ಸಿಕ್ಕಿ ತಡವಾಗಿ ಬಂತು. ಬೀಗತಿ ಶಾಲಿನ ಮೇಲೆ ಶಾಲು ಹೊದ್ದು ಇಳಿದಳು, ಕೈಯಲ್ಲಿ ಒಂದು ಉದ್ದನೆಯ ಡಬ್ಬಿ. ಅದರಲ್ಲಿ ಏನಿದೆ ಎಂದು ಕಮಲಾದೇವಿ ಕೇಳಲಿಲ್ಲ.

ಬಿಸಿಲಿಲ್ಲದೆ ಡೇಸಿ ಅರಳಲಿಲ್ಲ. ಅರಳಿದ್ದವೂ ಮುಚ್ಚಿಕೊಂಡವು. ಕುಬುಸದ ದಿನ ಬೆಳಗ್ಗೆ ಕಮಲಾದೇವಿ ಮತ್ತು ಮಿಸರಾಯಿನ್ ಕೂತು ಮುಚ್ಚಿದ ಹೂವುಗಳನ್ನೇ ಕಾಂಡದ ಸಮೇತ ಕೊಯ್ದರು. ಒದ್ದೆ ಬಾಳೆಪಟ್ಟಿಯ ಮೇಲೆ ಒಂದೊಂದನ್ನೇ ಹೊಲಿದರು. ಕಾಂಡದ ಸುತ್ತ ಹಸಿ ಹತ್ತಿ ಸುತ್ತಿದರು. ಹಡಗಲಿಯ ಬೆರಳು ಮರೆತಿರಲಿಲ್ಲ, ಸೂಜಿ ಸರಸರ ಓಡಿತು. ಜಡೆಯೇನೋ ಆಯಿತು. ಅಕ್ಷರಾಳ ಬೆನ್ನ ಮೇಲೆ ಕಟ್ಟಿ ನೋಡಿದರೆ, ಮುದುಡಿದ ಎಸಳಿನ ಕೆಂಪು ತುದಿ, ಹಸಿರು ತೊಟ್ಟು. ಬಿಳಿಯ ಸುದ್ದಿಯೇ ಇಲ್ಲ.

"ಇದೇನ್ರಿ ಅಕ್ಕಾರ, ಮೂಲಂಗಿ ಸಿಗಿಸಿದಂಗ ಐತಿ" ಎಂದಳು ಮಹೇಶ್ವರಿ. ಕೆಟ್ಟ ಮನಸ್ಸಿನಿಂದಲ್ಲ, ಬಾಯಿಗೆ ಬಂದದ್ದು ಹಾಗೆ. ಡಬ್ಬಿ ತೆರೆದು ಬಟ್ಟೆಯ ಜಡೆ ತೆಗೆದಳು. ಬೆಳ್ಳಗೆ, ಜರಿ ಸುತ್ತಿ, ಚಂದವೇ ಇತ್ತು. "ಇದನ್ನ ಹಾಕೋಣ. ಫೋಟೋಕ್ಕರ ಬರ್ತದ."

ಕೂಡಿದ್ದ ಹೆಣ್ಣುಮಕ್ಕಳು ಎರಡೂ ಜಡೆಗಳನ್ನು ನೋಡಿದರು. ಕಮಲಾದೇವಿ ಮಗಳ ತಲೆಯಿಂದ ಜಡೆ ಬಿಚ್ಚಲು ಕೈ ಹಾಕಿದಳು. ಅಷ್ಟರಲ್ಲಿ ಮೆಟ್ಟಿಲ ಬಾಗಿಲಿನಿಂದ ಒಂದು ಕೋಲು ಬೆಳಕು ನೆಲದ ಮೇಲೆ ಬಿತ್ತು. ತೆಳ್ಳಗೆ, ಹಳದಿ.

"ಬಿಸಿಲು" ಎಂದಳು ಮಿಸರಾಯಿನ್.

ಕಮಲಾದೇವಿಯ ಕೈ ಜಡೆಯಿಂದ ಮಗಳ ರಟ್ಟೆಗೆ ಬಂತು. "ಏಳು ಮಗಳ. ಮಾಳಿಗಿ ಮ್ಯಾಲೆ ಕೂಡ್ಸತೀನಿ ನಿನ್ನ. ರೀ, ಮಣಿ ತರ್ರಿ. ಆರತಿ ತಟ್ಟಿ ತರ್ರಿ. ಎಲ್ಲಾರೂ ಏಳ್ರಿ."

ಮನೆಯೆಲ್ಲ ಮೇಲಕ್ಕೆ ಹೊರಟಿತು. ಹೋಳಿಗೆಯ ಬುಟ್ಟಿ ಒಬ್ಬರು, ಬಳೆಯ ತಟ್ಟೆ ಒಬ್ಬರು. ಮಾಳಿಗೆಗೆ ಬಂದರೆ ಮಂಜು ಗಂಗೆಯ ಮೇಲಿನಿಂದ ಹರಿದ ಅರಳೆಯಂತೆ ಏಳುತ್ತಿತ್ತು, ಆಚೆ ದಡದ ಮರಳು ಕಾಣುತ್ತಿತ್ತು, ಸೂರ್ಯ ನದಿಯ ಮೇಲೆ ಬಲಕ್ಕೆ, ದಕ್ಷಿಣದ ಕಡೆಗೆ ವಾಲಿ, ಏರಿದ್ದ. ಮಠದಿಂದ ಬಂದ ಕಾಶಮ್ಮ ಮಣೆ ಹಾಕಿಸಿದಳು. ಅವಳು ಈ ಊರಿನ ಕನ್ನಡದ ಮನೆಗಳ ಕುಬುಸಕ್ಕೆಲ್ಲ ಹಿರಿಯಳು, ಅವಳ ಮಾತು ಮೀರುವವರಿಲ್ಲ.

"ಪೂರ್ವಕ್ಕ ಮುಖ ಮಾಡಿ ಕೂಡ್ಸವ್ವ" ಎಂದಳು.

ಕಮಲಾದೇವಿ ನೋಡಿದಳು. ಪೂರ್ವಕ್ಕೆ ಮುಖ ಮಾಡಿದರೆ ಬಿಸಿಲೆಲ್ಲ ಮಗಳ ಮುಖಕ್ಕೆ, ಹೊಟ್ಟೆಗೆ. ಬೆನ್ನು ನೆರಳಿಗೆ. ಜಡೆ ಇರುವುದು ಬೆನ್ನ ಮೇಲೆ.

"ಉತ್ತರಕ್ಕ ಕೂಡ್ಸತೀನ್ರಿ ಅಮ್ಮಾ."

"ಕುಬುಸಕ್ಕ ಪೂರ್ವನ ಮೊದಲಿನಿಂದ ಬಂದದ್ದು."

ಕಮಲಾದೇವಿ ಎಂದೂ ಹಿರಿಯರಿಗೆ ಎದುರು ಆಡಿದವಳಲ್ಲ. ಅವತ್ತು ಅವಳ ಕೈ ತಾನಾಗಿಯೇ ಜಾಲಿಯ ಆಚೆಗೆ, ನೀರಿನ ಕಡೆಗೆ ಎದ್ದಿತು. "ಅಮ್ಮಾ, ಅಲ್ಲಿ ನೋಡ್ರಿ. ಎಲ್ಲಾ ಕಡಿ ಹರಿದು ಬಂದ ಗಂಗವ್ವ ಈ ಊರಾಗ ಮಾತ್ರ ಉತ್ತರಕ್ಕ ಮುಖ ಮಾಡ್ತಾಳ. ಅದಕ್ಕ ಅಲ್ಲೇನ್ರಿ ಇದು ಕಾಶಿ ಆದದ್ದು? ಆಕಿ ತಿರುಗಿದ ದಿಕ್ಕಿಗೆ ನನ್ನ ಮಗಳು ತಿರುಗಿದ್ರ ತಪ್ಪೇನ್ರಿ?"

ಕಾಶಮ್ಮ ನದಿಯನ್ನು ನೋಡಿದಳು. ಕಮಲಾದೇವಿಯನ್ನು ನೋಡಿದಳು. ಬೊಚ್ಚು ಬಾಯಲ್ಲಿ ನಗು ಬಂತು. "ಗಂಗವ್ವನ್ನ ಸಾಕ್ಷಿಗೆ ಕರಕೊಂಡು ಬಂದೀ. ನಂದೇನೈತಿ ಇನ್ನ. ತಿರುಗಸವ್ವ."

ಮಣೆ ತಿರುಗಿತು. ಅಕ್ಷರಾ ಉತ್ತರಕ್ಕೆ ಮುಖ ಮಾಡಿ ಕೂತಳು, ಹಸಿರು ಸೀರೆ, ಹಸಿರು ಬಳೆ. ಬಿಸಿಲು ಬೆನ್ನಿಗೆ ಬಿತ್ತು. ಉಡಿ ತುಂಬಿದರು, ಸೋಬಾನೆ ಎತ್ತಿಕೊಂಡರು. ಕಮಲಾದೇವಿಯ ಬಾಯಿ ಹಾಡಿನಲ್ಲಿ, ಕಣ್ಣು ಜಡೆಯಲ್ಲಿ. ಏನೂ ಇಲ್ಲ. ಹಾಡಿನ ಇನ್ನೊಂದು ನುಡಿ. ಏನೂ ಇಲ್ಲ. ಮಹೇಶ್ವರಿಯ ಮಡಿಲಲ್ಲಿ ಡಬ್ಬಿ ಇನ್ನೂ ತೆರೆದೇ ಇತ್ತು.

ಕುತ್ತಿಗೆಯ ಹತ್ತಿರದ ಒಂದು ಹೂವು ಸಡಿಲಿತು. ಕೆಂಪು ತುದಿ ಹೊರಕ್ಕೆ ಬಾಗಿತು, ಅದರ ಒಳಗಿನಿಂದ ಬಿಳಿ. ಅದರ ಕೆಳಗಿನದು. ಪಕ್ಕದ್ದು. ಯಾರೋ ಒಳಗಿನಿಂದ ಬೆರಳು ಬಿಚ್ಚುತ್ತಿದ್ದಾರೆ ಅನ್ನುವ ಹಾಗೆ ಎಸಳು ಎಸಳಾಗಿ ಬಿಚ್ಚಿಕೊಂಡು, ಅರಿಸಿನದ ಬೊಟ್ಟು ಕಂಡಿತು. ಸೋಬಾನೆ ನಡುವೆ ನಿಂತಿತು. ಹಾಡುತ್ತಿದ್ದವರೆಲ್ಲ ಹುಡುಗಿಯ ಮುಖ ಬಿಟ್ಟು ಬೆನ್ನ ಕಡೆ ಬಂದರು.

"ಏನಾತು? ಯಾಕ ಎಲ್ಲಾರೂ ಹಿಂದ ಹೋದ್ರಿ?" ಅಕ್ಷರಾ ತಿರುಗಲು ಹೋದಳು. "ಅಲುಗಬ್ಯಾಡ" ಎಂದು ನಾಲ್ಕಾರು ದನಿ ಒಟ್ಟಿಗೆ ಬಂದವು. "ಅವ್ವಾ, ಹೇಳಬಾರದಾ?"

"ಹಾಂ ಹೇಳ್ತೀನಿ. ಮ್ಯಾಲಿನ ಸಾಲು ಅರಳಿತು. ಎರಡನೇದು ಈಗ. ಹೆರಳಿನ ನಡುವಿಂದು, ಹಾಂ, ಅದೂ." ಕಮಲಾದೇವಿ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಕಣ್ಣೀರು ಗಲ್ಲಕ್ಕೆ ಇಳಿದದ್ದು ತಿಳಿಯಲೇ ಇಲ್ಲ. "ತುದೀದು ಒಂದ ಉಳದೈತಿ ನೋಡು, ಅದೊಂದು ಯಾಕೋ..."

ಮಹೇಶ್ವರಿ ಡಬ್ಬಿಯನ್ನು ಪಕ್ಕಕ್ಕಿಟ್ಟು ಎದ್ದುಬಂದಳು. ಕಮಲಾದೇವಿಯ ರಟ್ಟೆ ಹಿಡಿದು ಮೆಲ್ಲಗೆ ಈಚೆಗೆ ಎಳೆದಳು.

"ಬಿಸಿಲಿಗೆ ಅಡ್ಡ ನಿಂತೀರಿ ಅಕ್ಕಾರ, ಸ್ವಲ್ಪ ಸರೀರಿ. ಅದರ ಪಾಲಿಂದು ಅದಕ್ಕ ಬೀಳ್ಲಿ."